ಸೋತ ಹೃದಯಕ್ಕೆ ನರಮಾರ್ಗದ ಚಿಕಿತ್ಸೆ: ಜಪಾನಿನ ಅನುಭವದ ಬೆಳಕಿನಲ್ಲಿ ಒಂದು ಸಮೀಕ್ಷೆ

ದೀರ್ಘಾಯುಸ್ಸನ್ನು ಸಾಧಿಸಿದ ಜನಾಂಗವೊಂದು ಆ ಸಾಧನೆಗೆ ಯಾವ ರೂಪದಲ್ಲಿ ಬೆಲೆ ತೆರಬೇಕಾಗುವುದೆಂಬುದನ್ನು ತಿಳಿಯಬಯಸುವವರು ಇಂದಿನ ಜಪಾನಿನ ಹೃದ್ರೋಗ ಚಿಕಿತ್ಸಾಲಯಗಳ ಕಡೆಗೆ ದೃಷ್ಟಿ ಹಾಯಿಸಬೇಕು. ಅಲ್ಲಿ 65 ವರ್ಷ ದಾಟಿದವರು ನೂರಕ್ಕೆ 29ರಷ್ಟು ಮಂದಿ. ಹೃದಯವೈಫಲ್ಯದಿಂದ ನರಳುತ್ತಿರುವವರು ಸುಮಾರು 12 ಲಕ್ಷವೆಂದು ಅಲ್ಲಿಯ ವೈದ್ಯರ ಅಂದಾಜು. ಈ ವ್ಯಾಧಿಯಲ್ಲಿ ಹೃದಯವು ನಿಂತುಹೋಗುವುದಿಲ್ಲ. ಶರೀರ ಬೇಡುವಷ್ಟು ರಕ್ತವನ್ನು ಒದಗಿಸಲಾರದೆ, ಬಂದ ರಕ್ತವನ್ನು ಮುಂದಕ್ಕೆ ನೂಕಲಾರದೆ, ಶ್ವಾಸಕೋಶಗಳಲ್ಲಿ ನೀರು ನಿಲ್ಲಿಸಿ, ಕಾಲುಗಳನ್ನು ಊದಿಸಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವಂತೆ ಮಾಡಿ, ಮನುಷ್ಯನನ್ನು ಮತ್ತೆ ಮತ್ತೆ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. 2018ರ ಡಿಸೆಂಬರಿನಲ್ಲಿ ಜಪಾನಿನ ಸಂಸತ್ತು ಪಾರ್ಶ್ವವಾಯು ಮತ್ತು ಹೃದ್ರೋಗಗಳ ನಿಯಂತ್ರಣಕ್ಕೆಂದೇ ಪ್ರತ್ಯೇಕ ಶಾಸನವೊಂದನ್ನು ಅಂಗೀಕರಿಸಿತೆಂಬುದರಿಂದಲೇ ಸಮಸ್ಯೆಯ ಗಾತ್ರ ವೇದ್ಯವಾಗುತ್ತದೆ.

ಔಷಧಗಳಿಗೆ ಬಗ್ಗದಷ್ಟು ಉಲ್ಬಣಿಸಿದ ರೋಗಿಗೆ ಹೃದಯದ ಕಸಿಯೇ ಕಡೆಯ ಉಪಾಯವೆಂಬುದು ಲೋಕಪ್ರಸಿದ್ಧ. ಆದರೆ ಆ ದಾರಿ ಜಪಾನಿನಲ್ಲಿ ಬಹುಕಾಲ ಮುಚ್ಚಿಯೇ ಇದ್ದಿತು. 1968ರ ಆಗಸ್ಟ್ 8ರಂದು ಸಪ್ಪೊರೊ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ವಾದಾ ಜುರೊ ಎಂಬ ಶಸ್ತ್ರವೈದ್ಯರು ಆ ದೇಶದ ಪ್ರಥಮ ಹೃದಯಕಸಿಯನ್ನು ನೆರವೇರಿಸಿದರು. ಅದನ್ನು ಪಡೆದ ತರುಣನು 83 ದಿನ ಬದುಕಿದನು. ದಾನಿಯ ಮರಣವನ್ನು ನಿರ್ಣಯಿಸಿದ ರೀತಿಯನ್ನು ಕುರಿತೆದ್ದ ವಿವಾದವು ಮಾತ್ರ ದಶಕಗಳ ಕಾಲ ಜೀವಂತವಾಗಿ ಉಳಿಯಿತು. 1997ರ ಅಂಗಕಸಿ ಶಾಸನದ ತರುವಾಯ, 1999ರ ಫೆಬ್ರವರಿಯಲ್ಲಿ ಒಸಾಕಾ ವಿಶ್ವವಿದ್ಯಾಲಯದಲ್ಲಿ ಎರಡನೆಯ ಕಸಿ ನಡೆಯಿತು. 2010ರಲ್ಲಿ ಶಾಸನವನ್ನು ಸಡಿಲಿಸಿದ ಮೇಲೂ ವರ್ಷಕ್ಕೆ ನಡೆಯುವ ಹೃದಯಕಸಿಗಳು ನೂರರ ಆಸುಪಾಸಿನಲ್ಲಿಯೇ ಇವೆ. ಸರದಿಯಲ್ಲಿ ನಿಂತವರು ರಕ್ತ ನೂಕುವ ಕೃತಕ ಯಂತ್ರವನ್ನು ಎದೆಯಲ್ಲಿ ಧರಿಸಿ ಮೂರು ವರ್ಷಕ್ಕೂ ಮಿಕ್ಕಿ ಕಾಯಬೇಕಾಗುತ್ತದೆ. ಹೃದಯವನ್ನೇ ಬದಲಿಸುವುದು ಇಷ್ಟು ದುರ್ಲಭವಾಗಿರುವಲ್ಲಿ, ಇರುವ ಹೃದಯವನ್ನು ಅದನ್ನಾಳುವ ನರಗಳ ಮುಖಾಂತರ ಸಂತೈಸಬಹುದೆ ಎಂಬ ಪ್ರಶ್ನೆಗೆ ವಿಶೇಷವಾದ ತೂಕ ಒದಗಿದುದು ಸಹಜವಾಗಿದೆ.

ಹೃದಯವು ತನ್ನ ಬಡಿತವನ್ನು ತಾನೇ ಹುಟ್ಟಿಸಿಕೊಳ್ಳಬಲ್ಲ ಅಂಗವಾದರೂ, ಆ ಬಡಿತದ ವೇಗವನ್ನೂ ಬಲವನ್ನೂ ಕ್ಷಣಕ್ಷಣಕ್ಕೂ ತಿದ್ದುವ ಅಧಿಕಾರವು ಸ್ವಾಯತ್ತ ನರವ್ಯೂಹದ ಎರಡು ಶಾಖೆಗಳಿಗೆ ಸೇರಿದುದು. ಬೆನ್ನುಹುರಿಯಿಂದ ಹೊರಡುವ ಅನುವೇದನಾ ನರಗಳು ಹೃದಯವನ್ನು ತ್ವರೆಗೊಳಿಸುವುವು, ರಕ್ತನಾಳಗಳನ್ನು ಬಿಗಿಗೊಳಿಸುವುವು, ಮೂತ್ರಪಿಂಡಗಳು ಉಪ್ಪುನೀರನ್ನು ಹಿಡಿದಿಡುವಂತೆ ಪ್ರೇರಿಸುವುವು. ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯ ಎರಡು ಪಕ್ಕಗಳಲ್ಲಿ ಇಳಿದು ಎದೆಯನ್ನೂ ಉದರವನ್ನೂ ವ್ಯಾಪಿಸುವ ವೇಗಸ್ ನರವು ಹೃದಯವನ್ನು ನಿಧಾನಗೊಳಿಸಿ ವಿಶ್ರಾಂತಿಗೆ ಅವಕಾಶವೀಯುವುದು. ವೇಗಸ್ ನರಕ್ಕೆ ವಿದ್ಯುತ್ತನ್ನು ಹಾಯಿಸಿದರೆ ಹೃದಯದ ಬಡಿತ ತಗ್ಗಿ ನಿಂತೇಹೋಗುವುದೆಂದು ಜರ್ಮನಿಯ ವೇಬರ್ ಸಹೋದರರು 1845ರಲ್ಲಿಯೇ ತೋರಿಸಿದ್ದರು. ಆ ನರವು ತನ್ನ ಆಜ್ಞೆಯನ್ನು ಒಂದು ರಾಸಾಯನಿಕ ದ್ರವ್ಯದ ಮೂಲಕ ತಲುಪಿಸುತ್ತದೆಂಬುದನ್ನು 1921ರಲ್ಲಿ ಓಟೊ ಲೋವಿ ಕಪ್ಪೆಗಳ ಹೃದಯಗಳಲ್ಲಿ ಸಿದ್ಧಪಡಿಸಿದರು.

ಈ ಜ್ಞಾನಸಂಪತ್ತಿಗೆ ಜಪಾನಿಗರು ಸಲ್ಲಿಸಿದ ಕಾಣಿಕೆ ಅಲ್ಪವಾದುದಲ್ಲ. ಕನಜಾವಾ ನಗರದಲ್ಲಿ ಬೆಳೆದು ನ್ಯೂಯಾರ್ಕಿನಲ್ಲಿ ಪ್ರಯೋಗಶಾಲೆಯನ್ನು ಸ್ಥಾಪಿಸಿದ ತಕಾಮಿನೆ ಜೋಕಿಚಿ ಮತ್ತು ಅವರ ಸಹಾಯಕ ಉಎನಾಕಾ ಕೇಜೊ ಅವರು 1900ರಲ್ಲಿ ಅಡ್ರಿನಲಿನ್ ಎಂಬ ದ್ರವ್ಯವನ್ನು ಶುದ್ಧ ಸ್ಫಟಿಕರೂಪದಲ್ಲಿ ಬೇರ್ಪಡಿಸಿದರು. ಅನುವೇದನಾ ನರಗಳು ಬಳಸುವ ನಾರ್‌ಅಡ್ರಿನಲಿನ್ ಇದರ ಸಮೀಪಬಂಧು. ಅದಾದ ಸ್ವಲ್ಪಕಾಲದಲ್ಲಿಯೇ ಜರ್ಮನಿಯ ಮಾರ್ಬುರ್ಗಿನಲ್ಲಿ ರೋಗಶಾಸ್ತ್ರಜ್ಞ ಆಶೋಫ್ ಅವರ ಬಳಿ ವ್ಯಾಸಂಗಮಾಡುತ್ತಿದ್ದ ತವಾರಾ ಸುನಾವೊ ಅವರು, ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಬಡಿತದ ಪ್ರೇರಣೆಯನ್ನು ಸಾಗಿಸುವ ಗ್ರಂಥಿಯನ್ನೂ ತಂತುಜಾಲವನ್ನೂ ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಅನುಸರಿಸಿ, 1906ರಲ್ಲಿ ತಮ್ಮ ಮಹಾಗ್ರಂಥವನ್ನು ಪ್ರಕಟಿಸಿದರು. ಮುಂದೆ ಕ್ಯೂಷೂ ಸಾಮ್ರಾಜ್ಯ ವಿಶ್ವವಿದ್ಯಾಲಯವೆನಿಸಿದ ಫುಕುಓಕಾದ ವಿದ್ಯಾಪೀಠದಲ್ಲಿ ಅವರು ಪ್ರಾಧ್ಯಾಪಕರಾದರು. ಈ ಲೇಖನದ ಮುಖ್ಯ ಕಥೆಯಲ್ಲಿ ಕನಜಾವಾ ಮತ್ತು ಫುಕುಓಕಾ ನಗರಗಳೆರಡೂ ಪುನಃ ಕಾಣಿಸಿಕೊಳ್ಳಲಿವೆ.

ಹೃದಯ ದುರ್ಬಲವಾದಾಗ ರಕ್ತದೊತ್ತಡ ಕುಸಿಯದಂತೆ ಕಾಯುವ ಸದುದ್ದೇಶದಿಂದಲೇ ಅನುವೇದನಾ ನರಗಳು ಎಚ್ಚರಗೊಳ್ಳುತ್ತವೆ. ಗಾಯಗೊಂಡು ರಕ್ತ ಸುರಿಸುತ್ತಿರುವವನಲ್ಲಿ ಕೆಲವು ಗಂಟೆಗಳ ಮಟ್ಟಿಗೆ ಪ್ರಾಣರಕ್ಷಕವಾಗುವ ಈ ಪ್ರತಿಕ್ರಿಯೆಯು, ಹೃದಯವೈಫಲ್ಯದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಡೆಬಿಡದೆ ಮುಂದುವರಿದು, ದಣಿದು ಕುಸಿಯುತ್ತಿರುವ ಎತ್ತಿಗೆ ಬಾರುಕೋಲಿನ ಏಟು ಬೀಳುತ್ತಲೇ ಇರುವಂತೆ, ಹೃದಯವನ್ನು ಇನ್ನಷ್ಟು ಹಾಳುಗೆಡವುತ್ತದೆ. ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದ್ದಷ್ಟೂ ರೋಗಿಯ ಆಯುಸ್ಸು ಕಡಿಮೆಯೆಂದು ಅಮೆರಿಕದ ಜೇ ಕೋನ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದರು. ನರಗಳ ಉದ್ರೇಕ ಮಾತ್ರದಿಂದಲೇ ಹೃದಯ ಸೋಲಬಹುದೆಂಬುದಕ್ಕೆ ಜಪಾನೇ ಒಂದು ನಿದರ್ಶನವನ್ನು ಲೋಕಕ್ಕೆ ಕೊಟ್ಟಿತು: ದುಃಖ ಭಯಗಳ ಆಘಾತದಲ್ಲಿ ಹೃತ್ಕುಕ್ಷಿಯು ತಾತ್ಕಾಲಿಕವಾಗಿ ಶಕ್ತಿಗುಂದಿ, ಕೊರಳು ಕಿರಿದಾಗಿ ಹೊಟ್ಟೆ ಉಬ್ಬಿದ ಆಕೃತಿಯನ್ನು ತಾಳುವ ವ್ಯಾಧಿಯನ್ನು ಹಿರೊಷಿಮಾದ ಸಾತೊ ಹಿಕಾರು 1990ರಲ್ಲಿ ವರ್ಣಿಸಿ, ಮೀನುಗಾರರು ಅಷ್ಟಪದಿಯನ್ನು ಹಿಡಿಯಲು ಬಳಸುವ ಮಡಕೆಯ ಹೆಸರಿನಿಂದ ತಕೊತ್ಸುಬೊ ಎಂದು ಕರೆದರು. 2004ರ ಅಕ್ಟೋಬರಿನ ನಿಈಗಾತಾ ಭೂಕಂಪದ ಬೆನ್ನಿನಲ್ಲಿ ಈ ವ್ಯಾಧಿ ಆ ಪ್ರಾಂತದಲ್ಲಿ ಹಠಾತ್ತನೆ ಹೆಚ್ಚಿದುದನ್ನು ವೈದ್ಯರು ದಾಖಲಿಸಿದ್ದಾರೆ.

ನರಗಳ ಈ ಪೀಡನೆಯನ್ನು ತಡೆಯುವ ಪ್ರಯತ್ನ ಮೊದಲಿಗೆ ಔಷಧಗಳ ಮೂಲಕವೇ ನಡೆಯಿತು. ಅನುವೇದನಾ ನರಗಳ ಆಜ್ಞೆಯು ಹೃದಯವನ್ನು ಮುಟ್ಟದಂತೆ ತಡೆಯುವ ಬೀಟಾ ಪ್ರತಿಬಂಧಕಗಳು ದುರ್ಬಲ ಹೃದಯಕ್ಕೆ ವಿಷಸಮಾನವೆಂದು ಗ್ರಂಥಗಳು ಸಾರುತ್ತಿದ್ದ ಕಾಲದಲ್ಲಿ, 1975ರಲ್ಲಿ, ಸ್ವೀಡನ್ನಿನ ಫಿನ್ ವಾಗ್‌ಸ್ಟೈನ್ ಮತ್ತು ಜೊತೆಗಾರರು ಅವುಗಳನ್ನು ಕೊಟ್ಟು ಸುಧಾರಣೆ ಕಂಡರು. 1999ರ ವೇಳೆಗೆ ದೊಡ್ಡ ಪರೀಕ್ಷೆಗಳು ಅವು ಮರಣವನ್ನು ಮೂರನೆಯ ಒಂದರಷ್ಟು ತಗ್ಗಿಸುವುವೆಂದು ನಿಸ್ಸಂದೇಹವಾಗಿ ಸ್ಥಾಪಿಸಿದುವು. ಜಪಾನಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಮುಚಾ ಎಂಬ ಪರೀಕ್ಷೆಯಲ್ಲಿ ದಿನಕ್ಕೆ 5 ಮಿಲಿಗ್ರಾಂ ಮತ್ತು 20 ಮಿಲಿಗ್ರಾಂ ಪ್ರಮಾಣದ ಕಾರ್ವೆಡಿಲಾಲ್ ಎಂಬ ಬೀಟಾ ಪ್ರತಿಬಂಧಕ ಎರಡೂ ಫಲಕಾರಿಯಾದುವು. ಪಾಶ್ಚಾತ್ಯರು 50 ಮಿಲಿಗ್ರಾಮನ್ನು ಗುರಿಯಾಗಿಟ್ಟುಕೊಂಡಿದ್ದಾಗ ಇಷ್ಟು ಕಡಿಮೆ ಪ್ರಮಾಣವೂ ಸಾಕಾದೀತೆಂಬುದು ಗಮನಾರ್ಹ ವಿಷಯವಾಗಿತ್ತು. ಇದಕ್ಕೆ ವಿರುದ್ಧವಾದ ಪಾಠವನ್ನು ಮಾಕ್ಸೊನಿಡಿನ್ ಕಲಿಸಿತು. ಮಿದುಳಿನಲ್ಲಿಯೇ ಅನುವೇದನಾ ಪ್ರೇರಣೆಯನ್ನು ಬಲವಾಗಿ ಅಡಗಿಸುವ ಆ ಔಷಧವನ್ನು ಕೊಟ್ಟ ಗುಂಪಿನಲ್ಲಿ ಸಾವುಗಳು ಹೆಚ್ಚಿದುದರಿಂದ 1999ರಲ್ಲಿ ಆ ಪರೀಕ್ಷೆಯನ್ನು ಅರ್ಧದಲ್ಲಿಯೇ ನಿಲ್ಲಿಸಬೇಕಾಯಿತು. ಸೋತ ಹೃದಯವು ಯಾವ ಊರೆಗೋಲಿನ ಬಲದಿಂದ ನಿಂತಿರುವುದೋ ಅದನ್ನು ಒಮ್ಮೆಗೇ ಕಿತ್ತುಕೊಳ್ಳಬಾರದೆಂಬುದೂ, ನರಗಳ ವಿಷಯದಲ್ಲಿ ದಿಕ್ಕಿನಷ್ಟೇ ಪ್ರಮಾಣವೂ ಮುಖ್ಯವೆಂಬುದೂ ಅಂದೇ ವ್ಯಕ್ತವಾಗಿತ್ತು.

ಪ್ರಮಾಣವನ್ನು ಅಳೆಯುವ ಶಿಸ್ತಿನಲ್ಲಿ ಜಪಾನಿನ ಶರೀರಶಾಸ್ತ್ರಜ್ಞರದು ವಿಶಿಷ್ಟವಾದ ಪರಂಪರೆ. ಹೃತ್ಕುಕ್ಷಿಯ ಸ್ವಂತ ಬಲವನ್ನು ಅದರ ಮೇಲೆ ಬೀಳುವ ಹೊರೆಯಿಂದ ಬೇರ್ಪಡಿಸಿ ಅಂಕೆಗಳಲ್ಲಿ ಹೇಳುವ ಕ್ರಮವನ್ನು 1970ರ ದಶಕದಲ್ಲಿ ಸುಗಾ ಹಿರೊಯುಕಿ ಮತ್ತು ಸಗಾವಾ ಕಿಇಚಿ ಅವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದರು. ಅದೇ ಗರಡಿಯಲ್ಲಿ ಪಳಗಿದ ಸುನಗಾವಾ ಕೆಂಜಿ, ಸ್ವದೇಶಕ್ಕೆ ಮರಳಿ ಒಸಾಕಾ ಸಮೀಪದ ಸುಇತಾದಲ್ಲಿರುವ ರಾಷ್ಟ್ರೀಯ ಹೃದ್ರೋಗ ಕೇಂದ್ರದಲ್ಲಿ, ರಕ್ತದೊತ್ತಡವನ್ನು ಕ್ಷಣಾರ್ಧದಲ್ಲಿ ಸರಿದೂಗಿಸುವ ನರಪ್ರತಿಕ್ರಿಯೆಯನ್ನು ಒಂದು ಯಂತ್ರವ್ಯವಸ್ಥೆಯೋ ಎಂಬಂತೆ ಬಿಡಿಸಿ ಅಧ್ಯಯನಮಾಡಿದರು. ಆ ಪ್ರತಿಕ್ರಿಯೆಯನ್ನು ಕಳೆದುಕೊಂಡ ಇಲಿಗಳಲ್ಲಿ, ಗಣಕವೇ ಒತ್ತಡವನ್ನು ಓದಿ ಅದಕ್ಕೆ ತಕ್ಕಂತೆ ಅನುವೇದನಾ ನರಗಳನ್ನು ಪ್ರಚೋದಿಸಿ, ನಿಸರ್ಗದತ್ತವಾದ ನಿಯಂತ್ರಣವನ್ನು ಬಹುಮಟ್ಟಿಗೆ ಮರಳಿಸಬಲ್ಲುದೆಂದು 1999ರಲ್ಲಿ ಅವರ ತಂಡ ಪ್ರಕಟಿಸಿತು.

ಇದೇ ತಂಡದಿಂದ 2004ರಲ್ಲಿ ಹೊರಬಂದ ಇನ್ನೊಂದು ಪ್ರಬಂಧವು ಜಗತ್ತಿನ ಗಮನವನ್ನು ಸೆಳೆಯಿತು. ಲೀ ಮೇಇಹುವಾ ಅವರು ಮೊದಲ ಲೇಖಕಿಯಾಗಿದ್ದ ಆ ಅಧ್ಯಯನದಲ್ಲಿ, ಎಡ ಕರೋನರಿ ಧಮನಿಯನ್ನು ಕಟ್ಟಿ ಇಲಿಗಳಲ್ಲಿ ಹೃದಯವೈಫಲ್ಯವನ್ನು ಉಂಟುಮಾಡಿ, ಎರಡು ವಾರಗಳ ಬಳಿಕ ಬದುಕುಳಿದವುಗಳನ್ನು ಎರಡು ಗುಂಪಾಗಿ ವಿಂಗಡಿಸಿ, ಒಂದರಲ್ಲಿ ಬಲ ವೇಗಸ್ ನರವನ್ನು ರೇಡಿಯೊ ಮೂಲಕ ನಿಯಂತ್ರಿಸಲ್ಪಡುವ ಪುಟ್ಟ ಯಂತ್ರದಿಂದ ಆರು ವಾರಗಳವರೆಗೆ ಪ್ರಚೋದಿಸಲಾಯಿತು. ಬಡಿತವು ನಿಮಿಷಕ್ಕೆ 20ರಿಂದ 30ರಷ್ಟು ಇಳಿಯುವ ಹಾಗೆ ಒಂದೊಂದು ಇಲಿಗೂ ವಿದ್ಯುತ್ತಿನ ಪ್ರಮಾಣವನ್ನು ಪ್ರತ್ಯೇಕವಾಗಿ ನಿಗದಿಮಾಡಿದ್ದರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. 140 ದಿನಗಳ ಕೊನೆಗೆ ಪ್ರಚೋದನೆಯಿಲ್ಲದ ಇಲಿಗಳಲ್ಲಿ ನೂರಕ್ಕೆ 50 ಮಾತ್ರ ಉಳಿದಿದ್ದರೆ, ಪ್ರಚೋದನೆ ಪಡೆದವುಗಳಲ್ಲಿ 86 ಉಳಿದಿದ್ದುವು. ಆರು ವಾರಗಳ ಚಿಕಿತ್ಸೆ ನಿಂತ ಮೇಲೂ ಪ್ರಯೋಜನ ಮುಂದುವರಿದುದು, ನರವು ಬಡಿತವನ್ನು ತಗ್ಗಿಸಿದ್ದೇ ಅಲ್ಲದೆ ಹೃದಯಸ್ನಾಯುವಿನ ವಿಕಾರವನ್ನೇ ತಡೆದಿತ್ತೆಂಬುದನ್ನು ಸೂಚಿಸಿತು.

ಇಂಥ ಫಲವನ್ನು ಕಂಡಮೇಲೆ ಮನುಷ್ಯರಲ್ಲಿ ಪರೀಕ್ಷಿಸದೆ ಇರುವುದು ಸಾಧ್ಯವಿರಲಿಲ್ಲ. ಕುತ್ತಿಗೆಯಲ್ಲಿ ವೇಗಸ್ ನರದ ಸುತ್ತ ವಿದ್ಯುದಗ್ರವನ್ನು ತೊಡಿಸಿ, ಎದೆಯ ಚರ್ಮದಡಿ ಪೇಸ್‌ಮೇಕರಿನಂಥ ಯಂತ್ರವನ್ನಿರಿಸುವ ಶಸ್ತ್ರಕ್ರಿಯೆ ಯುರೋಪಿನಲ್ಲಿ ಆರಂಭವಾಯಿತು. ನಮ್ಮ ದೇಶವೂ ಇದರಲ್ಲಿ ಪಾಲುಗೊಂಡಿತು: ಹೈದರಾಬಾದಿನ ಡಾಕ್ಟರ್ ಪ್ರೇಮ್‌ಚಂದ್ ಅವರ ಮುಂದಾಳುತನದಲ್ಲಿ ಭಾರತದ 10 ಕೇಂದ್ರಗಳಲ್ಲಿ 60 ರೋಗಿಗಳ ಮೇಲೆ ನಡೆದ ಆಂಥೆಮ್ ಎಂಬ ಅಧ್ಯಯನವು 2014ರಲ್ಲಿ ಪ್ರಕಟವಾಗಿ, ಹೃದಯದ ರಕ್ತನೂಕುವ ಶಕ್ತಿಯಲ್ಲಿಯೂ ರೋಗಿಗಳ ಚಟುವಟಿಕೆಯಲ್ಲಿಯೂ ಸುಧಾರಣೆಯನ್ನು ವರದಿಮಾಡಿತು. ಆದರೆ ಅಲ್ಲಿ ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಗುಂಪಿರಲಿಲ್ಲ. ಅದೇ ವರ್ಷದ ನೆಕ್ಟರ್ ಎಂಬ ಪರೀಕ್ಷೆಯಲ್ಲಿ 96 ರೋಗಿಗಳಿಗೂ ಯಂತ್ರವನ್ನು ಅಳವಡಿಸಿ ಕೆಲವರಲ್ಲಿ ಮಾತ್ರ ಚಾಲನೆಗೊಳಿಸಿದಾಗ, ಹೃದಯದ ಗಾತ್ರದಲ್ಲಿ ಯಾವ ಅಂತರವೂ ಕಾಣಲಿಲ್ಲ. 707 ರೋಗಿಗಳನ್ನೊಳಗೊಂಡು 2016ರಲ್ಲಿ ಪ್ರಕಟವಾದ ಇನೊವೇಟ್ ಎಂಬ ಮಹಾಪರೀಕ್ಷೆಯಲ್ಲಿ, ಮರಣ ಅಥವಾ ರೋಗದ ಉಲ್ಬಣವು ಯಂತ್ರ ಧರಿಸಿದವರಲ್ಲಿ ನೂರಕ್ಕೆ 30.3, ಧರಿಸದವರಲ್ಲಿ 25.8 ಆಗಿತ್ತು. ಆಂಥೆಮಿನ ಮುಂದುವರಿಕೆಯಾಗಿ ಆರಂಭವಾದ ದೊಡ್ಡ ಪರೀಕ್ಷೆಯೂ ಉದ್ದೇಶಿತ ಗಾತ್ರವನ್ನು ಮುಟ್ಟುವ ಮುನ್ನವೇ ನಿಂತು, ಮರಣವನ್ನಾಗಲಿ ಆಸ್ಪತ್ರೆವಾಸವನ್ನಾಗಲಿ ತಗ್ಗಿಸಿದ ಆಧಾರವನ್ನು ಕೊಡಲಿಲ್ಲ.

ಇಲಿಗಳಲ್ಲಿ ಅಷ್ಟು ಹಿತಕರವಾದುದು ಮನುಷ್ಯನಲ್ಲಿ ನಿಷ್ಫಲವಾದುದೇಕೆ? ಮನುಷ್ಯನ ವ್ಯಾಧಿ ಪ್ರಾಯೋಗಿಕ ವ್ಯಾಧಿಗಿಂತ ಹಳೆಯದು, ಜಟಿಲವಾದುದು. ಅವನು ಆಗಲೇ ಬೀಟಾ ಪ್ರತಿಬಂಧಕಗಳನ್ನು ಸೇವಿಸುತ್ತಿರುವವನು. ಈ ಎರಡು ಕಾರಣಗಳೂ ಸತ್ಯವೇ. ಆದರೆ ಅತ್ಯಂತ ಮನನೀಯವಾದ ಕಾರಣ ಬೇರೊಂದುಂಟು. ಕುತ್ತಿಗೆಯ ವೇಗಸ್ ನರದಲ್ಲಿ ಹೃದಯಕ್ಕೆ ಹೋಗುವ ತಂತುಗಳ ಜೊತೆಯಲ್ಲಿಯೇ ಧ್ವನಿಪೆಟ್ಟಿಗೆಗೆ ಹೋಗುವ ದಪ್ಪ ತಂತುಗಳೂ ಇರುವುವು. ಇವು ಅಲ್ಪ ವಿದ್ಯುತ್ತಿಗೇ ಎಚ್ಚರಗೊಳ್ಳುವುದರಿಂದ, ಹೃದಯದ ತಂತುಗಳಿಗೆ ಸಾಕಾಗುವಷ್ಟು ಪ್ರಮಾಣವನ್ನು ಮುಟ್ಟುವುದಕ್ಕೆ ಮೊದಲೇ ರೋಗಿಗೆ ಕೆಮ್ಮು, ಗಂಟಲುನೋವು, ಧ್ವನಿಯ ಒಡಕು ತಲೆದೋರಿ, ವೈದ್ಯನು ಕೈತಡೆಯಬೇಕಾಗುತ್ತದೆ. ಇಲಿಗಳಲ್ಲಿ ಬಡಿತವೇ ಅಳತೆಗೋಲಾಗಿತ್ತು. ಮನುಷ್ಯರಲ್ಲಿ ಸಹನೆಯ ಮಿತಿಯೇ ಅಳತೆಗೋಲಾಯಿತು. ಆದುದರಿಂದ ಎಷ್ಟೋ ರೋಗಿಗಳಲ್ಲಿ ಬಡಿತವು ಗಮನಾರ್ಹವಾಗಿ ತಗ್ಗಲೇ ಇಲ್ಲ. ಸುಇತಾದ ತತ್ತ್ವವು ಪರೀಕ್ಷೆಗೊಳಗಾಗಿ ಸೋತಿತೆನ್ನುವುದಕ್ಕಿಂತ, ಅದು ತನ್ನ ಪೂರ್ಣ ಪ್ರಮಾಣದಲ್ಲಿ ಪರೀಕ್ಷೆಗೇ ಬರಲಿಲ್ಲವೆನ್ನುವುದು ನ್ಯಾಯವಾದೀತು.

ಅನ್ಯಮಾರ್ಗಗಳ ವೃತ್ತಾಂತವೂ ಇದಕ್ಕೆ ಪೋಷಕವಾಗಿಯೇ ಇದೆ. ಕುತ್ತಿಗೆಯ ಕೆರೋಟಿಡ್ ಧಮನಿಯ ಗೋಡೆಯಲ್ಲಿರುವ ಒತ್ತಡಗ್ರಾಹಿಗಳನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ, ಮಿದುಳು ರಕ್ತದೊತ್ತಡ ಏರಿತೆಂದು ಬಗೆದು ಅನುವೇದನಾ ಪ್ರೇರಣೆಯನ್ನು ಇಳಿಸಿ ವೇಗಸ್ ಪ್ರೇರಣೆಯನ್ನು ಏರಿಸುತ್ತದೆ. ಈ ಬಗೆಯ ಯಂತ್ರಕ್ಕೆ 2019ರಲ್ಲಿ ಅಮೆರಿಕದ ಸರ್ಕಾರಿ ಮನ್ನಣೆ ದೊರೆಯಿತು. ಅದನ್ನು ಧರಿಸಿದವರು ಆರು ನಿಮಿಷಗಳಲ್ಲಿ ನಡೆಯುವ ದೂರ ಹೆಚ್ಚಿತು, ಅವರ ಬಾಳು ಹಗುರವಾಯಿತು. ಆದರೆ ಮರಣವನ್ನೂ ರೋಗದ ಉಲ್ಬಣವನ್ನೂ ತಡೆಯುವುದೆಂಬುದು 2023ರ ದೀರ್ಘಕಾಲಿಕ ಫಲಿತಾಂಶದಲ್ಲಿ ಸಿದ್ಧವಾಗಲಿಲ್ಲ. ಮೂತ್ರಪಿಂಡದ ಧಮನಿಯೊಳಗೆ ಕ್ಯಾಥೆಟರನ್ನು ಹಾಯಿಸಿ ಸುತ್ತಲಿನ ನರಗಳನ್ನು ಸುಡುವ ಕ್ರಮವು ಮುಖ್ಯವಾಗಿ ರಕ್ತದೊತ್ತಡಕ್ಕಾಗಿ ಬೆಳೆದುದು. ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ತೊಚಿಗಿ ಪ್ರಾಂತದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯದ ಕಾರಿಯೊ ಕಜುವೊಮಿ ಅವರ ನೇತೃತ್ವದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಚಿಕಿತ್ಸೆಗೂ ಹುಸಿಚಿಕಿತ್ಸೆಗೂ ಭೇದ ಕಾಣಲಿಲ್ಲ. ಬೇರೆಡೆ ಸುಧಾರಿತ ವಿಧಾನದಿಂದ ನಡೆದ ಪರೀಕ್ಷೆಗಳಲ್ಲಿ ಒತ್ತಡ ಇಳಿದು, 2023ರಲ್ಲಿ ಅಮೆರಿಕದ ಮನ್ನಣೆ ಲಭಿಸಿತು. ನರ ಸುಟ್ಟಿತೋ ಇಲ್ಲವೋ ಎಂಬುದನ್ನು ಚಿಕಿತ್ಸೆಯ ಮೇಜಿನ ಬಳಿಯಲ್ಲೇ ಅರಿಯಲು ಸುಲಭವಾದ ಉಪಾಯವಿಲ್ಲದಿರುವುದು ಈ ಕ್ರಮದ ದೊಡ್ಡ ಕೊರತೆ. ಹೃದಯವೈಫಲ್ಯದಲ್ಲಿ ಇದರ ಸ್ಥಾನ ಇನ್ನೂ ನಿರ್ಣಯವಾಗಿಲ್ಲ. ಉದರದ ರಕ್ತಸಂಚಯವನ್ನು ಆಳುವ ನರವನ್ನು ಛೇದಿಸಿ ಹೃದಯದ ಮೇಲಿನ ಹೊರೆಯನ್ನು ಇಳಿಸುವ ಯತ್ನ, ಬೆನ್ನುಹುರಿಯ ಪ್ರಚೋದನೆ ಇವೆರಡೂ ನಿಯಂತ್ರಿತ ಪರೀಕ್ಷೆಗಳಲ್ಲಿ ತಮ್ಮ ಮುಖ್ಯ ಗುರಿಯನ್ನು ಮುಟ್ಟಲಾಗಲಿಲ್ಲ.

ಹಾಗಾದರೆ ಯಾವ ರೋಗಿಯ ಯಾವ ನರ ಎಷ್ಟು ಕೆಟ್ಟಿದೆಯೆಂಬುದನ್ನು ಚಿಕಿತ್ಸೆಗೆ ಮುನ್ನ ತಿಳಿಯುವ ಮಾರ್ಗವೊಂದಿದೆಯೆ? ಇಲ್ಲಿಯೂ ಜಪಾನಿನ ಅನುಭವ ಬಹುಮೂಲ್ಯವಾದುದು. ನಾರ್‌ಅಡ್ರಿನಲಿನ್ ದ್ರವ್ಯವನ್ನು ಹೋಲುವ, ವಿಕಿರಣಶೀಲ ಅಯೋಡಿನ್ ಬೆರೆತ ಎಂಐಬಿಜಿ ಎಂಬ ದ್ರವ್ಯವನ್ನು ಚುಚ್ಚಿದರೆ ಹೃದಯದ ಅನುವೇದನಾ ನರಗಳ ತುದಿಗಳು ಅದನ್ನು ಹೀರಿಕೊಳ್ಳುವುವು. ಹೀರಿಕೆ ಕುಂದಿದ್ದು ಸೋರಿಕೆ ಹೆಚ್ಚಿದ್ದರೆ ನರವು ಪೀಡಿತವಾಗಿದೆಯೆಂದರ್ಥ. ಈ ಪರೀಕ್ಷೆ ಜಪಾನಿನ ಆಸ್ಪತ್ರೆಗಳಲ್ಲಿ 1990ರ ದಶಕದಿಂದಲೂ ಬಳಕೆಯಲ್ಲಿದೆ. ಒಂದೊಂದು ಆಸ್ಪತ್ರೆಯ ಅಳತೆಯನ್ನು ಇನ್ನೊಂದರ ಅಳತೆಯೊಡನೆ ಸಮನ್ವಯಗೊಳಿಸುವ ಕಾರ್ಯದಲ್ಲಿ ಕನಜಾವಾ ವಿಶ್ವವಿದ್ಯಾಲಯದ ನಕಾಜಿಮಾ ಕೆನಿಚಿ ಮತ್ತು ಸಂಗಡಿಗರು ಅಗ್ರಗಣ್ಯರು. ಅಡ್ರಿನಲಿನ್ ಶೋಧಕನು ಬೆಳೆದ ಊರಿನಲ್ಲಿಯೇ ಆ ದ್ರವ್ಯದ ಬಂಧುವಿನ ಸಂಚಾರವನ್ನು ಹೃದಯದಲ್ಲಿ ಅಳೆಯುವ ಶಾಸ್ತ್ರ ಪುಷ್ಟಿಗೊಂಡಿತು. ಟೋಕಿಯೊದ ಕೇಇಒ ವಿಶ್ವವಿದ್ಯಾಲಯದ ಫುಕುದಾ ಕೇಇಚಿ ಅವರ ತಂಡ ಮತ್ತೊಂದು ಸೂಕ್ಷ್ಮವನ್ನು ಹೊರಗೆಡಹಿತು: ಸೋತ ಹೃದಯದಲ್ಲಿ ಅನುವೇದನಾ ನರಗಳೇ ಕ್ರಮೇಣ ಸ್ವಭಾವವನ್ನು ಬದಲಿಸಿ, ವೇಗಸ್ ನರದ ದ್ರವ್ಯವನ್ನು ತಯಾರಿಸಲು ತೊಡಗುವುವೆಂದು 2010ರಲ್ಲಿ ಅವರು ಪ್ರಾಣಿಗಳಲ್ಲಿ ತೋರಿಸಿದರು. ಶರೀರವು ತನ್ನ ರಕ್ಷಣೆಯನ್ನು ತಾನೇ ಹುಡುಕುತ್ತಿರುವ ಇಂಥ ಸಂದರ್ಭದಲ್ಲಿ, ಎಲ್ಲ ರೋಗಿಗಳ ನರಗಳನ್ನೂ ಒಂದೇ ಸ್ಥಿತಿಯಲ್ಲಿರುವುವೆಂದು ಭಾವಿಸಿ ಒಂದೇ ವಿಧದ ಪ್ರಚೋದನೆಯನ್ನು ಕೊಡುವುದು ಯುಕ್ತವಲ್ಲ.

ಶಸ್ತ್ರವಿಲ್ಲದೆ ನರಗಳನ್ನು ಮುಟ್ಟುವ ಯತ್ನಗಳನ್ನೂ ಇಲ್ಲಿ ಹೇಳಬೇಕು. ಮರೆಗುಳಿ ರೋಗಕ್ಕಾಗಿ ಜಪಾನಿನಲ್ಲಿಯೇ ಆವಿಷ್ಕೃತವಾದ ಡೊನೆಪಿಜಿಲ್ ಔಷಧವು ವೇಗಸ್ ನರದ ದ್ರವ್ಯವನ್ನು ಬೇಗ ನಶಿಸಗೊಡದ ಗುಣವುಳ್ಳದ್ದಾದುದರಿಂದ, ಸುಇತಾದ ಸಂಶೋಧಕರು ಅದನ್ನು ಹೃದಯವೈಫಲ್ಯದ ಇಲಿಗಳಲ್ಲಿ ಪ್ರಯೋಗಿಸಿ ಸತ್ಫಲವನ್ನು ಕಂಡರು. ಕಗೊಷಿಮಾ ವಿಶ್ವವಿದ್ಯಾಲಯದ ತೇಇ ಚುವಾ ಅವರು ರೂಪಿಸಿದ ವಾಒನ್ ಚಿಕಿತ್ಸೆಯಲ್ಲಿ ರೋಗಿಯು 60 ಡಿಗ್ರಿ ಉಷ್ಣತೆಯ ಒಣಕೋಣೆಯಲ್ಲಿ 15 ನಿಮಿಷ ಕುಳಿತು, ಬಳಿಕ ಹೊದಿಕೆ ಹೊದ್ದು ಅರ್ಧ ಗಂಟೆ ಮಲಗುವನು. ಇದರಿಂದ ನರಗಳ ಸಮತೋಲ ಸುಧಾರಿಸುವುದೆಂದು ಅವರ ತಂಡ ವರದಿಮಾಡಿತಾದರೂ, 2016ರಲ್ಲಿ ಪ್ರಕಟವಾದ ಬಹುಕೇಂದ್ರ ಪರೀಕ್ಷೆಯು ತನ್ನ ಮುಖ್ಯ ಗುರಿಯಲ್ಲಿ ಎರಡು ಗುಂಪುಗಳಿಗೆ ಸ್ಪಷ್ಟವಾದ ಭೇದವನ್ನು ಕಾಣಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಆಶಾದಾಯಕವಾಗಿ ನನಗೆ ತೋರುವುದು, ಸುನಗಾವಾ ಅವರು ತರುವಾಯ ಪ್ರಾಧ್ಯಾಪಕರಾಗಿ ಸೇರಿದ ಫುಕುಓಕಾದ ಕ್ಯೂಷೂ ವಿಶ್ವವಿದ್ಯಾಲಯದಲ್ಲಿ, ಒಂದು ಕಾಲಕ್ಕೆ ತವಾರಾ ಬೋಧಿಸಿದ ಆ ನೆಲೆಯಲ್ಲಿ, ಮೊಳೆತ ಒಂದು ವಿಚಾರ. ರೋಗ ಹಳೆಯದಾದಮೇಲೆ ನರವನ್ನು ವರ್ಷಗಟ್ಟಲೆ ಮೆಲ್ಲಗೆ ಪ್ರಚೋದಿಸುವುದಕ್ಕೆ ಬದಲಾಗಿ, ಹೃದಯಾಘಾತವಾದ ಮೊದಲ ಗಂಟೆಗಳಲ್ಲಿಯೇ, ಮುಚ್ಚಿದ ಧಮನಿಯನ್ನು ತೆರೆಯುವ ಮುನ್ನ, ಬಡಿತ ನಿಶ್ಚಿತವಾಗಿ ತಗ್ಗುವಷ್ಟು ಬಲವಾಗಿ ವೇಗಸ್ ನರವನ್ನು ಪ್ರಚೋದಿಸುವುದು. ಅದಕ್ಕಾಗಿ ಕುತ್ತಿಗೆಯನ್ನು ಕೊಯ್ಯದೆ, ಎದೆಯ ಮಹಾಸಿರೆಯೊಳಗೆ ಕ್ಯಾಥೆಟರನ್ನಿರಿಸಿ ಗೋಡೆಯಾಚೆ ಸಾಗುವ ನರವನ್ನು ಮುಟ್ಟುವುದು. ನಾಯಿಗಳಲ್ಲಿ ಈ ಕ್ರಮವು ಸತ್ತ ಸ್ನಾಯುವಿನ ಪ್ರಮಾಣವನ್ನು ಬಹುವಾಗಿ ತಗ್ಗಿಸಿ, ಮುಂದೆ ಬರಬೇಕಾಗಿದ್ದ ಹೃದಯವೈಫಲ್ಯವನ್ನು ತಡೆಯಿತೆಂದು ಅರಿಮುರಾ, ಸಾಕು ಕೇತಾ ಮೊದಲಾದವರು 2017ರಲ್ಲಿ ಪ್ರಕಟಿಸಿದರು. ಸುಇತಾದಲ್ಲಿ ಸಾಕು ಅವರು ಇದನ್ನು ಮನುಷ್ಯರ ಚಿಕಿತ್ಸೆಯಾಗಿಸುವ ಉದ್ಯಮದಲ್ಲಿ ನಿರತರಾಗಿದ್ದಾರೆ. ಪ್ರಾಣಿಗಳ ಫಲಿತಾಂಶ ಮನುಷ್ಯರಲ್ಲಿ ಸುಳ್ಳಾದುದನ್ನು ಒಮ್ಮೆ ಕಂಡಿರುವ ನಾವು ಇದನ್ನು ಸಿದ್ಧಿಯೆಂದು ಈಗಲೇ ಸಾರಲಾಗದು. ಆದರೆ ಹಿಂದಿನ ಪರೀಕ್ಷೆಗಳಲ್ಲಿ ಬಿಟ್ಟುಹೋಗಿದ್ದ ಅಳತೆಗೋಲು ಇಲ್ಲಿ ಮರಳಿ ಸ್ಥಾನ ಪಡೆದಿದೆಯೆಂಬುದು ನಿಜ.

ಸಮಗ್ರವಾಗಿ ನೋಡಿದರೆ ಇಂದು ರೋಗಿಗೆ ಪ್ರಾಮಾಣಿಕವಾಗಿ ಹೇಳಬಹುದಾದುದು ಇಷ್ಟು: ನರವನ್ನು ಪ್ರಚೋದಿಸುವ ಅಥವಾ ಛೇದಿಸುವ ಯಾವ ಶಸ್ತ್ರಕ್ರಿಯೆಯೂ ಹೃದಯವೈಫಲ್ಯದಲ್ಲಿ ಆಯುಸ್ಸನ್ನು ವೃದ್ಧಿಗೊಳಿಸುವುದೆಂದು ನಿಯಂತ್ರಿತ ಪರೀಕ್ಷೆಗಳಲ್ಲಿ ಇನ್ನೂ ಸ್ಥಾಪಿತವಾಗಿಲ್ಲ, ಕೆಲವು ಕ್ರಮಗಳು ಕೆಲವರ ದಿನಚರಿಯನ್ನು ಹಗುರಗೊಳಿಸಬಲ್ಲುವು, ನರಗಳ ಹಾವಳಿಯಿಂದ ಹೃದಯವನ್ನು ರಕ್ಷಿಸುವ ಪರೀಕ್ಷಿತ ಸಾಧನವಾಗಿ ಉಳಿದಿರುವುದು ದಿನನಿತ್ಯ ತಪ್ಪದೆ ನುಂಗಬೇಕಾದ ಸಾಮಾನ್ಯ ಮಾತ್ರೆಗಳೇ. ಯಂತ್ರದ ಹೊಸತನಕ್ಕೆ ಮಾರುಹೋಗಿ ಆ ಮಾತ್ರೆಗಳನ್ನು ಕಡೆಗಣಿಸುವುದು ಜೀವಕ್ಕೆ ಅಪಾಯಕರ. ಅಷ್ಟೇ ಖಂಡಿತವಾಗಿ ಹೇಳಬೇಕಾದ ಇನ್ನೊಂದು ಮಾತುಂಟು. ಎರಡು ಮೂರು ಮಹಾಪರೀಕ್ಷೆಗಳು ಸೋತುವೆಂಬ ಕಾರಣದಿಂದ ನರಮಾರ್ಗವನ್ನೇ ತೊರೆಯುವುದು, ಬೀಟಾ ಪ್ರತಿಬಂಧಕಗಳನ್ನು ದಶಕಗಳ ಕಾಲ ಬಹಿಷ್ಕರಿಸಿದ್ದಂಥದೇ ಪ್ರಮಾದವಾದೀತು. ತಕಾಮಿನೆಯ ಕಾಲದಿಂದ ಸುನಗಾವಾ ಅವರ ವರೆಗೆ ಜಪಾನಿನ ಈ ಪರಂಪರೆ ಕಲಿಸುವ ನೀತಿ ಒಂದೇ: ಮೊದಲು ಅಳೆ, ಅನಂತರ ಮುಟ್ಟು. ಯಾವ ರೋಗಿಯಲ್ಲಿ, ರೋಗದ ಯಾವ ಘಟ್ಟದಲ್ಲಿ, ಎಷ್ಟು ಪ್ರಮಾಣದಲ್ಲಿ ನರವನ್ನು ಮುಟ್ಟಿದೆವು, ಮುಟ್ಟಿದುದಕ್ಕೆ ಹೃದಯವು ಉತ್ತರಕೊಟ್ಟಿತೋ ಇಲ್ಲವೋ ಎಂಬುದನ್ನು ಒಬ್ಬೊಬ್ಬ ರೋಗಿಯಲ್ಲಿಯೂ ದಾಖಲಿಸುವ ಪರೀಕ್ಷೆಗಳು ನಡೆಯಬೇಕು; ಕಸಿಗಾಗಿ ಕಾಯುತ್ತ ಕುಳಿತವರಿಗೆ, ಕಾಯುವ ಅವಕಾಶವೂ ಇಲ್ಲದ ವೃದ್ಧರಿಗೆ, ವೈದ್ಯಶಾಸ್ತ್ರವು ಸಲ್ಲಿಸಬೇಕಾದ ಋಣವು ಅದಾಗಿದೆ.